ಮಳೆಗಾಲದ ಸೌದೆ: ಮರ ಕಡಿಯೋದ್ರಿಂದ ಒಲೆಗೆ ಹಾಕೋವರೆಗೆ

ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆ ಮನೆಯಲ್ಲಿ ಎರಡು ಸಿಲಿಂಡರ್ ಇದ್ರೂ ಬಚ್ಚಲ ಹಂಡೆಗೆ, ಕೆಲಸದವರ ಲೈನ್ ಮನೆಗೆ, ಅಡಿಕೆ ಬೇಯಿಸೋಕೆ ಎಲ್ಲಾ ಸೌದೆ ಬೇಕೇ ಬೇಕು. ತೋಟದಲ್ಲಿ ಮರಕ್ಕೇನು ಬರ ಇಲ್ಲ, ಆದ್ರೂ ಜುಲೈ ತಿಂಗಳಲ್ಲಿ ಎಷ್ಟೋ ಮನೆಗಳಲ್ಲಿ ಊದುಗೊಳವೆ ಹಿಡ್ಕೊಂಡು ಕಣ್ಣು ಕೆಂಪು ಮಾಡ್ಕೊಂಡು ಕೂತಿರ್ತಾರೆ, ಯಾಕಂದ್ರೆ ಇರೋದು ಮರ, ಸೌದೆ ಅಲ್ಲ. ಹೊಸದಾಗಿ ಶುರು ಮಾಡೋರು ಎಲ್ಲರೂ ಮೊದ್ಲು ಕೇಳೋದು ಯಾವ ಚೈನ್ ಸಾ ತಗೊಳ್ಳಲಿ ಅಂತ. ನನ್ನ ಕೇಳಿದ್ರೆ ಮೊದಲ ದುಡ್ಡು ಸೌದೆ ಕೊಟ್ಟಿಗೆ ಸೂರಿಗೆ, ಎರಡನೇದು ಸೀಳೋ ಸಾಮಾನಿಗೆ, ಮೆಷಿನ್ ಕೊನೆಗೆ. ಬೇಕಾದ್ರೆ ಮೆಷಿನ್ ಬಾಡಿಗೆಗೆ ಸಿಗುತ್ತೆ, ಅದನ್ನ ಓಡಿಸೋ ಹುಡುಗರೂ ಸಿಗ್ತಾರೆ, ಒಣಗಿದ ಸೌದೆ ಮಾತ್ರ ಆಗಸ್ಟ್‌ನಲ್ಲಿ ಯಾರ ಹತ್ರಾನೂ ಸಿಗಲ್ಲ.

ಮೊದ್ಲು ನೀರಿನ ಲೆಕ್ಕ

ಆಗಷ್ಟೇ ಕಡಿದ ಮರದಲ್ಲಿ ಹೆಚ್ಚುಕಮ್ಮಿ ಅರ್ಧ ತೂಕ ನೀರೇ. ಬೆಂಕಿಗೆ ಹಾಕಿದಾಗ ಮೊದ್ಲು ಆ ನೀರು ಆವಿ ಆಗಿ ಹೋಗ್ಬೇಕು, ಆಮೇಲೆ ತಾನೆ ಹಂಡೆಗೆ ಶಾಖ. 20% ತೇವಕ್ಕೆ ಇಳಿದಿರೋ ಒಂದು ಕೆಜಿ ಸೌದೆಯಿಂದ ಸುಮಾರು 15 ಮೆಗಾಜೂಲ್ ಶಾಖ ಬರುತ್ತೆ, 50% ತೇವ ಇರೋ ಹಸಿದ್ರಲ್ಲಿ 8 ಬಂದ್ರೆ ಹೆಚ್ಚು. 80 ಲೀಟರ್ ಹಂಡೆ ನೀರನ್ನ 20 ಡಿಗ್ರಿಯಿಂದ 60ಕ್ಕೆ ಏರಿಸೋಕೆ ಬೇಕಾಗೋದು 13 ಮೆಗಾಜೂಲ್ ಚಿಲ್ಲರೆ, ಸಾಮಾನ್ಯ ಹಂಡೆ ಒಲೇಲಿ ಐದರಲ್ಲಿ ಒಂದು ಪಾಲು ಶಾಖ ನೀರಿಗೆ ಸೇರುತ್ತೆ ಅಂತ ಇಟ್ಕೊಂಡ್ರೆ ಒಣಗಿದ್ದು ನಾಲ್ಕೂವರೆ ಕೆಜಿ ಸಾಕು, ಹಸಿದು ಎಂಟು ಕೆಜಿ ದಾಟುತ್ತೆ. ಹಸಿದ್ರಲ್ಲಿ ಉರಿ ಏಳಲ್ಲ ಹೊಗೆ ಏಳುತ್ತೆ, ಅಂದ್ರೆ ಆ ಐದರಲ್ಲಿ ಒಂದು ಪಾಲೂ ಇಲ್ಲ, ನಿಜವಾಗ್ಲೂ ಸುಡೋದು ಇನ್ನೂ ಜಾಸ್ತಿ. ಹಂಗಾಗಿ ಒಣಗಿಸಿದ್ರೆ ಒಲೆ ಹತ್ರ ಹೊತ್ತು ತರೋ ತೂಕವೇ ಹೆಚ್ಚುಕಮ್ಮಿ ಅರ್ಧ ಆಗುತ್ತೆ.

ಎಷ್ಟು ಬೇಕು ಅಂತ ಗೊತ್ತಾಗ್ಬೇಕಾದ್ರೆ ಒಂದಿನ ಸೌದೆನ ತೂಕ ಹಾಕಿ ಉಪಯೋಗಿಸಿ, ಕಾಳುಮೆಣಸು ತೂಗೋ ತಕ್ಕಡಿ ಸಾಕು. ದಿನಕ್ಕೆ 8 ಕೆಜಿ ಆಯ್ತು ಅಂತಿಟ್ಕೊಳ್ಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 120 ದಿನಕ್ಕೆ 960 ಕೆಜಿ ಒಣಗಿದ್ದು ಬೇಕು. ಹಸಿ ಮರದ ಲೆಕ್ಕದಲ್ಲಿ ಅದು ಒಂದೂವರೆ ಟನ್ ಆಗುತ್ತೆ, ಉಳಿದದ್ದು ನೀರಾಗಿ ಹೋಗುತ್ತೆ. ಸಿಲ್ವರ್ ಓಕ್ ಸೀಳಿ ಒಟ್ಟಿದ್ರೆ ಈ ಒಂದು ಟನ್ನು ಸುಮಾರು 14 ಅಡಿ ಉದ್ದ, 5 ಅಡಿ ಎತ್ತರದ ಒಂದು ಸಾಲು ಆಗುತ್ತೆ (ತುಂಡು 15-16 ಇಂಚು ಇದ್ರೆ). ಕೊಟ್ಟಿಗೆ ಅಳತೆ ಇದ್ರ ಮೇಲೆ ಹಾಕಿ, ಎರಡು ವರ್ಷದ ಸೌದೆ ಹಿಡಿಯೋ ಹಂಗೆ ಹಾಕಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಯಾವ ಮರ

ನಮ್ ಕಡೆ ತೋಟದಲ್ಲಿ ಸುಲಭಕ್ಕೆ ಸಿಗೋದು ಸಿಲ್ವರ್. ಹಗುರ ಮರ, ಚೆನ್ನಾಗಿ ಸೀಳುತ್ತೆ, ಬೇಗ ಒಣಗುತ್ತೆ, ಬೇಗ ಹತ್ಕೊಳ್ಳುತ್ತೆ, ಅಷ್ಟೇ ಬೇಗ ಬೂದಿನೂ ಆಗುತ್ತೆ, ಕೆಂಡ ನಿಲ್ಲಲ್ಲ. ನೀರು ಕಾಯ್ಸೋಕೆ, ದೋಸೆಗೆ ಸರಿ, ರಾತ್ರಿಯೆಲ್ಲಾ ಕೆಂಡ ಇರ್ಬೇಕು ಅನ್ನೋ ಕೆಲಸಕ್ಕೆ ಆಗಲ್ಲ. ಕೆಂಡಕ್ಕೆ ಕಾಫಿ ಗಿಡದ ಬೊಡ್ಡೆನ ಮೀರಿಸೋದು ಕಮ್ಮಿ. ಗಿಡಗಸಿಯಲ್ಲಿ (ಕಾಫಿ ಗಿಡ ಸವರುವಾಗ) ಬಂದ ದಪ್ಪ ರೋಬಸ್ಟಾ ಕೊಂಬೆ, ಕಿತ್ತ ಹಳೇ ಗಿಡ, ಇದನ್ನೆಲ್ಲಾ ಬೇರೆ ಇಟ್ಕೊಳ್ಳಿ, ಇದು ನಿಜವಾದ ಆಸ್ತಿ. ಅಕೇಶಿಯಾ, ಸರ್ವೆ, ನೀಲಗಿರಿ ಎಲ್ಲಾ ಚೆನ್ನಾಗಿ ಉರಿಯುತ್ತೆ, ನೀಲಗಿರಿ ಮಾತ್ರ ಹಸಿ ಇದ್ದಾಗ್ಲೇ ಸೀಳಿಬಿಡಿ, ಒಣಗಿದ್ಮೇಲೆ ನಾರು ತಿರುಚ್ಕೊಂಡು ಕೊಡಲಿನ ಕಚ್ಕೊಂಡು ಬಿಡಲ್ಲ. ಹಾಲುವಾಣ ದಂಡ, ಹೊತ್ಕೊಂಡು ಬಂದ ಕೂಲಿನೂ ಹುಟ್ಟಲ್ಲ, ತೋಟದಲ್ಲೇ ಗೊಬ್ಬರ ಆಗ್ಲಿ ಬಿಡಿ. ಅತ್ತಿ, ಬಸರಿ ಹಾಲು ಮರಗಳೂ ಅಷ್ಟೇ, ಹೊಗೆ ಜಾಸ್ತಿ ಶಾಖ ಕಮ್ಮಿ.

ಗೇರು ಜಾತಿ ಕಾಡುಮರ, ಹೊಲಗೇರು ಅಂತಾರಲ್ಲ, ಅದನ್ನ ಮುಟ್ಲೇಬೇಡಿ. ಸೊನೆ ತಾಗಿದ ಕಡೆ ಚರ್ಮ ಬೊಬ್ಬೆ ಏಳುತ್ತೆ, ಹೊಗೆನೂ ಆಗಲ್ಲ. ಕೆಲಸಕ್ಕೆ ಹೊಸಬರು, ಹೊರಗಿನಿಂದ ಬಂದ ಹುಡುಗರು ಇದ್ರೆ ಮೊದ್ಲೇ ಮರ ತೋರ್ಸಿ ಹೇಳಿಬಿಡಿ. ಸಿಲ್ವರ್ ಪುಡಿಗೂ ಕೆಲವರಿಗೆ ಮೈ ತುರಿಕೆ ಬರುತ್ತೆ, ತುಂಬು ತೋಳಿನ ಅಂಗಿ ಹಾಕಿದ್ರೆ ಒಳ್ಳೇದು.

ಅರಸೀಕೆರೆ, ಕಡೂರು ಕಡೆಯವ್ರು ಇದನ್ನ ಓದ್ತಾ ಇದ್ರೆ, ನಿಮ್ಗೆ ತೆಂಗಿನ ಮಟ್ಟೆ, ಕರಟ, ಜಾಲಿ, ಹುಣಸೆ ಇದೆ, ಮಳೆನೂ ಕಮ್ಮಿ, ನಿಮ್ ಕಷ್ಟ ಕಾಲು ಭಾಗ ಅಷ್ಟೇ. ಸೀಳೋದು, ಉರಿಸೋದು ಅಷ್ಟನ್ನ ಓದ್ಕೊಂಡ್ರೆ ಸಾಕು.

ಪರ್ಮಿಷನ್ ವಿಷಯ

ನಮ್ ಜಮೀನು ನಮ್ ಮರ ಅಂತ ಹೋಗಿ ಕಡಿಯೋ ಹಂಗಿಲ್ಲ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರಕ್ಕೂ ಅರಣ್ಯ ಇಲಾಖೆ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಸರ್ವೆ, ಹಾಲುವಾಣ, ಗ್ಲಿರಿಸಿಡಿಯ, ಸುಬಾಬುಲ್, ರಬ್ಬರ್, ತೆಂಗು ಇವಕ್ಕೆ ಆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಬೀಟೆ, ತೇಗ, ಹೊನ್ನೆ, ಮತ್ತಿ, ನಂದಿ ಇವೆಲ್ಲ ಹಂಗಲ್ಲ, ಗಾಳಿಗೆ ತಾನಾಗೇ ಬಿದ್ದಿದ್ರೂ ಮೊದ್ಲು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಬರೆದು ತಿಳಿಸಿ, ಫೋಟೊ ತೆಗೆದು ಇಟ್ಕೊಳ್ಳಿ, ಆಮೇಲೆ ಗರಗಸ ಇಡಿ. ಕಡಿಯೋಕೆ ವಿನಾಯಿತಿ ಇದೆ ಅಂದ ಮಾತ್ರಕ್ಕೆ ಲಾರಿಗೆ ಹಾಕ್ಕೊಂಡು ಹೋಗ್ಬಹುದು ಅಂತಲ್ಲ, ಸಾಗಾಣಿಕೆ ಬೇರೆ ವಿಷಯ, ಗೇಟ್ ದಾಟೋ ಮುಂಚೆ ಅದನ್ನೂ ಅಲ್ಲೇ ಕೇಳ್ಕೊಂಡುಬಿಡಿ.

ತಿಂಗಳಿನ ಲೆಕ್ಕ, ಇದೇ ಮುಖ್ಯ

ನಮ್ಮಲ್ಲಿ ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಮಾರ್ಚ್‌ವರೆಗೂ ಎಳೆಯುತ್ತೆ. ಅದು ಮುಗಿದು ಹೂಮಳೆ (ಕಾಫಿ ಹೂ ಅರಳಿಸೋ ಮಳೆ), ಬ್ಯಾಕಿಂಗ್ ಮಳೆ (ಹೂವಾದ ಮೇಲೆ ಕಾಯಿ ಕಚ್ಚೋಕೆ ಬೇಕಾದ ಮಳೆ) ಎಲ್ಲಾ ಆದ್ಮೇಲೆ ಜನ ಮರಗಸಿಗೆ, ಅಂದ್ರೆ ನೆರಳು ಮರದ ಕೊಂಬೆ ಸವರೋಕೆ ಇಳೀತಾರೆ, ಅಷ್ಟೊತ್ತಿಗೆ ಏಪ್ರಿಲ್, ಮೇ. ಆ ಕೊಂಬೆನ ಈ ಮಳೆಗಾಲಕ್ಕೇ ಉಪಯೋಗಿಸ್ತೀನಿ ಅಂತ ಹೊರಟ್ರೆ ಕೆಟ್ರಿ, ಮೂರ್ನಾಲ್ಕು ವಾರದಲ್ಲಿ ದಪ್ಪ ಕೊಂಬೆ ಒಣಗಲ್ಲ. ಅದು ಮುಂದಿನ ವರ್ಷದ್ದು. ಈ ಮಳೆಗಾಲಕ್ಕೆ ಉರಿಯೋದು ಹೋದ ವರ್ಷ ಮರಗಸಿ ಮಾಡಿದ್ದು, ಜೊತೆಗೆ ಈ ಜನವರಿಯಲ್ಲಿ ಕಡಿದು ಸೀಳಿ ಹಾಕಿದ ಸಿಲ್ವರ್. ಕೊಟ್ಟಿಗೆ ಎರಡು ವರ್ಷದ್ದಕ್ಕೆ ಹಾಕಿ ಅಂದಿದ್ದು ಇದಕ್ಕೇ, ಎಡಗಡೆ ಈ ವರ್ಷದ್ದು ಬಲಗಡೆ ಮುಂದಿನ ವರ್ಷದ್ದು, ಮಧ್ಯೆ ಓಡಾಡೋಕೆ ಜಾಗ. ಒಂದು ಸಲ ಈ ಸರದಿ ಹಿಡಿದ್ರೆ ಆಮೇಲೆ ಪ್ರತೀ ವರ್ಷ ಅದೇ ಕೆಲಸ, ಮೊದಲ ವರ್ಷ ಮಾತ್ರ ಎರಡರಷ್ಟು ಬೆವರು.

ಮರಗಸಿಗೆ ಹತ್ತೋರ ಬಗ್ಗೆ ಒಂದು ಮಾತು. ಅಲ್ಯುಮಿನಿಯಂ ಏಣಿ ಹಗುರ, ಎಲ್ಲರ ತೋಟದಲ್ಲೂ ಬಂದಿದೆ, ಮೆಣಸು ಕೊಯ್ಯೋಕೂ ಅದೇ, ಮರಗಸಿಗೂ ಅದೇ. ಕರೆಂಟ್ ಲೈನ್ ಹಾದು ಹೋಗಿರೋ ಕಡೆ ಆ ಏಣಿನ ಎತ್ತಿ ನಿಲ್ಲಿಸಿಕೊಂಡು ಜಾಗ ಬದಲಾಯಿಸೋದು ಪ್ರಾಣಕ್ಕೇ ಕುತ್ತು, ಕಾಫಿ ಸೀಮೆಯಲ್ಲಿ ಹೀಗೆ ಹೋದವರು ಒಬ್ಬಿಬ್ಬರಲ್ಲ. ಲೈನ್ ಕೆಳಗಿನ ಮರಗಳ ಕೆಲಸ ಲೈನ್ ಆಫ್ ಮಾಡ್ಸಿ ಮಾತ್ರ, ಏಣಿನ ಮಲಗಿಸ್ಕೊಂಡೇ ಹೊರಿ, ಆ ಸಾಲಿಗೆ ಒಣಗಿದ ಬಿದಿರು ಏಣಿ ಅಥವಾ ಫೈಬರ್ ಏಣಿ ಇಡಿ. ಮೇಲೆ ಇರೋನು ಕೆಳಗಿಳಿಯೋವರೆಗೆ ಕೆಳಗೆ ಯಾರೂ ಕೊಂಬೆ ಎಳೆಯೋ ಹಂಗಿಲ್ಲ.

ಚೈನ್ ಸಾ

ತೋಟದ ಮನೆಗೆ 16 ಇಂಚು ಬಾರ್ (ಚೈನ್ ಸುತ್ತೋ ಉದ್ದ ಪಟ್ಟಿ) ಇರೋ ಸಣ್ಣ ಪೆಟ್ರೋಲ್ ಮೆಷಿನ್ ಸಾಕು. ಆನ್‌ಲೈನಲ್ಲಿ ಕಮ್ಮಿ ರೇಟಿಗೆ 58 ಸಿಸಿ, 22 ಇಂಚು ಅಂತ ಬರುತ್ತಲ್ಲ, ನೋಡೋಕೆ ಚೆಂದ, ಭಾರ ಜಾಸ್ತಿ, ಕಾರ್ಬೊರೇಟರ್ ಕೈ ಕೊಟ್ರೆ ಸ್ಪೇರ್ ಹುಡುಕ್ಕೊಂಡು ಅಲೀಬೇಕು. ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಯಾವ ಕಂಪನಿಗೆ ಸರ್ವಿಸ್ ಮಾಡೋ ಅಂಗಡಿ ಇದೆ ಅಂತ ಮೊದ್ಲು ನೋಡಿ, ಆಮೇಲೆ ಕಂಪನಿ ಆರಿಸಿ. ಮನೆ ಹತ್ರನೇ ತುಂಡು ಮಾಡೋದು ಮಾತ್ರ ಇದ್ರೆ ಕರೆಂಟ್ ಚೈನ್ ಸಾ ಆಗುತ್ತೆ, ಆದ್ರೆ ನಮ್ಮ ವೋಲ್ಟೇಜ್‌ಗೆ ಉದ್ದ ತೆಳು ವೈರ್ ಹಾಕಿ ಓಡಿಸಿದ್ರೆ ಮೋಟರ್ ಸುಟ್ಟು ಹೋಗುತ್ತೆ. ಕಟಿಂಗ್ ಮೆಷಿನ್ನಿಗೆ, ಅದೇ ಗ್ರೈಂಡರ್‌ಗೆ, ಚೈನ್ ಡಿಸ್ಕ್ ಹಾಕ್ಕೊಂಡು ಸೌದೆ ಕೊಯ್ಯೋರನ್ನ ನೋಡಿದೀನಿ, ದಯವಿಟ್ಟು ಬೇಡ, ಅದು ಕೈಯಿಂದ ಹಾರಿದ್ರೆ ಹಿಡಿಯೋಕೆ ಏನೂ ಇಲ್ಲ.

ಪೆಟ್ರೋಲ್‌ಗೆ ಟೂ ಸ್ಟ್ರೋಕ್ ಆಯಿಲ್ 50ಕ್ಕೆ 1, ಅಂದ್ರೆ ಲೀಟರಿಗೆ 20 ಎಂಎಲ್ (ಮೆಷಿನ್ ಪುಸ್ತಕದಲ್ಲಿ ಬೇರೆ ಇದ್ರೆ ಅದನ್ನೇ ಮಾಡಿ). ಕಣ್ಣಂದಾಜಲ್ಲಿ ಸುರಿಯೋದು ಬೇಡ, ಮೆಡಿಕಲ್ ಶಾಪಿನ ಸಿರಿಂಜ್ ಹತ್ತು ರೂಪಾಯಿ ಚಿಲ್ಲರೆಗೆ ಸಿಗುತ್ತೆ, ಅದ್ರಲ್ಲಿ ಅಳೀರಿ. ಈಗ ಬಂಕಲ್ಲಿ ಬರೋದು ಎಥನಾಲ್ ಬೆರೆಸಿದ ಪೆಟ್ರೋಲ್, ಮಲೆನಾಡಿನ ಗಾಳಿಯಲ್ಲಿ ಅದು ನೀರು ಹೀರ್ಕೊಳ್ಳುತ್ತೆ, ಹಂಗಾಗಿ ತಿಂಗಳಿಗಿಂತ ಹೆಚ್ಚು ಕಲಸಿ ಇಡ್ಬೇಡಿ, ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಆಫ್ ಆಗೋವರೆಗೆ ಓಡ್ಸಿ ಇಡಿ. ಬಾರ್‌ಗೆ ಹಳೇ ಸುಟ್ಟ ಎಂಜಿನ್ ಆಯಿಲ್ ಹಾಕೋದು ನಮ್ಮಲ್ಲಿ ರೂಢಿ, ಅದ್ರಲ್ಲಿರೋ ಕಬ್ಬಿಣದ ಪುಡಿನೇ ಬಾರ್ ತಿನ್ನೋದು.

ಚೈನ್ ಮೊಂಡಾಗಿದೆ ಅಂತ ತಿಳಿಯೋದು ಹೆಂಗೆ? ಬೀಳೋ ಪುಡಿ ನೋಡಿ. ಅವಲಕ್ಕಿ ತರ ಚಕ್ಕೆ ಬೀಳ್ತಿದ್ರೆ ಹರಿತ ಇದೆ, ಮೈದಾ ತರ ಪುಡಿ ಬೀಳ್ತಿದ್ರೆ, ಹೊಗೆ ಬರ್ತಿದ್ರೆ, ನೀವು ಮೆಷಿನ್ನಿನ ಮೇಲೆ ಭಾರ ಹಾಕ್ತಿದ್ರೆ ನಿಲ್ಸಿ. ಬಾರ್‌ನ ಬೊಡ್ಡೆಯೊಂದಕ್ಕೆ ಸಿಕ್ಕಿಸಿ ಅಲ್ಲಾಡದ ಹಂಗೆ ಮಾಡ್ಕೊಳ್ಳಿ, ಚೈನ್ ಬ್ರೇಕ್ ಹಾಕಿ. ಸಣ್ಣ ಮೆಷಿನ್ನಿನ ತೆಳು ಚೈನಿಗೆ 4 ಮಿಮೀ ದುಂಡು ಅರ, ದೊಡ್ಡದಕ್ಕೆ 4.8 ಅಥವಾ 5.2, ಚೈನ್ ಪ್ಯಾಕೆಟ್ ಮೇಲೆ ಬರೆದಿರುತ್ತೆ. ಹಲ್ಲಿನ ತಲೆ ಮೇಲೆ ಒಂದು ಓರೆ ಗೆರೆ ಇರುತ್ತೆ, 30 ಡಿಗ್ರಿ, ಅರ ಅದಕ್ಕೆ ಸರಿಯಾಗಿ ಹೋಗ್ಬೇಕು. ಒಳಗಿಂದ ಹೊರಕ್ಕೆ ಮಾತ್ರ ತಳ್ಳಿ, ವಾಪಸ್ ತರುವಾಗ ಎತ್ಕೊಂಡು ಬನ್ನಿ, ಉಜ್ಜಬೇಡಿ. ಹಲ್ಲಿಗೆ ಮೂರು ಎಳೆತ ಅಂದ್ರೆ ಎಲ್ಲಾ ಹಲ್ಲಿಗೂ ಮೂರೇ, ಒಂದು ಕಡೆ ಸಾಲಿಗೆ ಜಾಸ್ತಿ ಒಂದು ಕಡೆ ಕಮ್ಮಿ ಆದ್ರೆ ಮೆಷಿನ್ ಕೊಯ್ತಾ ಕೊಯ್ತಾ ಒಂದು ಬದಿಗೆ ಬಾಗುತ್ತೆ. ಮೊದ್ಲು ಈ ಬದಿ ಹಲ್ಲೆಲ್ಲಾ ಮುಗ್ಸಿ, ಆಮೇಲೆ ತಿರುಗಿ ನಿಂತು ಆ ಬದಿ. ಹಲ್ಲಿನ ಮುಂದೆ ಒಂದು ಸಣ್ಣ ಗುಬುಟು ಇರುತ್ತಲ್ಲ, ಅದು ಹಲ್ಲಿಗಿಂತ ಸುಮಾರು 0.65 ಮಿಮೀ ತಗ್ಗಲ್ಲಿ ಇರ್ಬೇಕು, ನಾಲ್ಕೈದು ಸಲ ಹಲ್ಲು ಅರೆದ ಮೇಲೆ ಅದನ್ನೂ ಚಪ್ಪಟೆ ಅರದಲ್ಲಿ ಸ್ವಲ್ಪ ತೆಗೀರಿ. ತುಂಬಾ ತೆಗೆದ್ರೆ ಚೈನ್ ಕಚ್ಕೊಂಡು ಎಗರುತ್ತೆ.

ಎಗರೋದು ಅಂದ್ರೆ ಇದು: ಬಾರ್ ತುದಿಯ ಮೇಲ್ಭಾಗ ಯಾವುದಕ್ಕಾದ್ರೂ ತಾಗಿದ್ರೆ ಮೆಷಿನ್ ಕಣ್ಣು ಮಿಟುಕಿಸೋದ್ರೊಳಗೆ ಮುಖದ ಕಡೆ ಬರುತ್ತೆ. ಅದಕ್ಕೇ ತುದಿಯಿಂದ ಕೊಯ್ಯೋದು ಬೇಡ, ಎಡಗೈ ಹೆಬ್ಬೆರಳು ಹ್ಯಾಂಡಲ್ ಸುತ್ತ ಬರ್ಬೇಕು, ಮೆಷಿನ್ನಿನ ನೇರಕ್ಕೆ ತಲೆ ಇಡ್ಬಾರ್ದು, ಭುಜಕ್ಕಿಂತ ಮೇಲೆ ಎತ್ತಬಾರ್ದು. ಹೆಲ್ಮೆಟ್, ಕಣ್ಣಿಗೆ ಗಾಗಲ್ಸ್, ಕಿವಿಗೆ ಮಫ್, ಗಟ್ಟಿ ಬೂಟು, ಸಾಧ್ಯ ಆದ್ರೆ ಚೈನ್ ಸಾ ಪ್ಯಾಂಟು. ಲುಂಗಿ ಉಟ್ಕೊಂಡು, ಹವಾಯ್ ಚಪ್ಪಲಿ ಹಾಕ್ಕೊಂಡು ಬಂದೋರಿಗೆ ನಾನಂತೂ ಮೆಷಿನ್ ಕೊಡಲ್ಲ, ಎಷ್ಟೇ ಅನುಭವ ಇರ್ಲಿ.

ಮರ ಬೀಳಿಸೋದು

ದಪ್ಪ ಮರ, ಇಳಿಜಾರಿನ ಮರ, ಮನೆ ಅಥವಾ ಲೈನ್ ಹತ್ರದ ಮರ ಇದ್ರೆ ಗೊತ್ತಿರೋರನ್ನ ಕರೆಸಿ, ಓದ್ಕೊಂಡು ಮಾಡೋ ಕೆಲಸ ಅಲ್ಲ ಅದು. ಸಣ್ಣ ನೆಟ್ಟಗಿನ ಸಿಲ್ವರ್ ಆದ್ರೆ ಕ್ರಮ ಹೀಗೆ. ಮೆಣಸಿನ ಬಳ್ಳಿ ಇಳಿಸಿ, ಬುಡ ಕ್ಲೀನ್ ಮಾಡಿ, ಬೀಳೋ ದಿಕ್ಕಿಗೆ ವಿರುದ್ಧವಾಗಿ ಓರೆಯಾಗಿ ಓಡಿಹೋಗೋಕೆ ಎರಡು ದಾರಿ ಮೊದ್ಲೇ ಸವರಿ ಇಟ್ಕೊಳ್ಳಿ, ಕಾಫಿ ಗಿಡದ ಮಧ್ಯೆ ಓಡೋಕೆ ಆಗಲ್ಲ ಅನ್ನೋದು ನೆನಪಿರಲಿ. ಮರದ ಎತ್ತರದ ಎರಡರಷ್ಟು ದೂರದಲ್ಲಿ ಯಾರೂ ಇರ್ಬಾರ್ದು. ಬೀಳ್ಬೇಕಾದ ಕಡೆ ದಪ್ಪದ ಐದನೇ ಒಂದು ಭಾಗದಿಂದ ಕಾಲು ಭಾಗದವರೆಗೆ ಬಾಯಿ ತೆಗೀರಿ, ಆಮೇಲೆ ಹಿಂದಿನಿಂದ, ಬಾಯಿಯ ತಳಕ್ಕಿಂತ ಒಂದಿಂಚು ಮೇಲೆ ಕೊಯ್ಕೊಂಡು ಬನ್ನಿ. ಪೂರ್ತಿ ಕೊಯ್ಯಬಾರ್ದು, ದಪ್ಪದ ಹತ್ತನೇ ಒಂದು ಭಾಗದಷ್ಟು ಪಟ್ಟಿ ಮಧ್ಯೆ ಉಳೀಬೇಕು, ಅದೇ ಬಾಗಿಲ ತಿರುಗಣೆ ಇದ್ದಂಗೆ ಮರನ ದಿಕ್ಕಿಗೆ ತಿರುಗಿಸೋದು. ಹಿಂದೆ ಬೆಣೆ ಹೊಡೆದು ಬೀಳ್ಸಿ, ಕಬ್ಬಿಣದ ಬೆಣೆ ಬೇಡ ಚೈನ್ ತಾಗಿದ್ರೆ ಹಲ್ಲು ಹೋಗುತ್ತೆ, ಮರದ್ದು ಅಥವಾ ಪ್ಲಾಸ್ಟಿಕ್‌ದು ಇಟ್ಕೊಳ್ಳಿ. ಪಕ್ಕದ ಮರಕ್ಕೆ ಸಿಕ್ಕಿಕೊಂಡ ಮರದ ಕೆಳಗೆ ಹೋಗಿ ಕೊಯ್ಯೋ ಸಾಹಸ ಬೇಡ, ಹಗ್ಗ ಕಟ್ಟಿ ದೂರದಿಂದ ಟ್ರಾಕ್ಟರಲ್ಲಿ ಎಳೀರಿ.

ಬಿದ್ದ ಮರನ ತುಂಡು ಮಾಡುವಾಗ ಬಾರ್ ಸಿಕ್ಕಿಹಾಕ್ಕೊಳ್ಳೋದೇ ಎಲ್ಲರ ಗೋಳು. ಎರಡೂ ತುದಿ ಊರಿಕೊಂಡು ನಡುವೆ ಜೋತಿದ್ರೆ ಮೇಲ್ಭಾಗ ಒತ್ತಡದಲ್ಲಿರುತ್ತೆ, ಅಲ್ಲಿ ಮೂರನೇ ಒಂದು ಭಾಗ ಮಾತ್ರ ಕೊಯ್ದು ಉಳಿದದ್ದು ಕೆಳಗಿಂದ ಕೊಯ್ರಿ. ಒಂದು ತುದಿ ಗಾಳಿಯಲ್ಲಿದ್ರೆ ತಿರುಗಾಮುರುಗಾ, ಮೊದ್ಲು ಕೆಳಗಿಂದ.

ಎಲ್ಲಾನೂ ಸೌದೆ ಮಾಡ್ಬೇಡಿ

ನೆಟ್ಟಗಿನ ದಪ್ಪ ಸಿಲ್ವರ್ ಬೊಡ್ಡೆನ ಒಲೆಗೆ ಹಾಕೋದು ಶುದ್ಧ ದಂಡ, ಪ್ಲೈವುಡ್‌ನವರು, ಪ್ಯಾಕಿಂಗ್ ಪೆಟ್ಟಿಗೆಯವರು ತಗೋತಾರೆ. ಕೆಲವರು ಟನ್ ಲೆಕ್ಕ, ಕೆಲವರು ಅಡಿ ಲೆಕ್ಕ. ಟನ್ ಲೆಕ್ಕ ಅಂದ್ರೆ ಕಡಿದ ತಕ್ಷಣ ತೂಗ್ಸಿ, ದಿನ ಕಳೆದಷ್ಟೂ ನಿಮ್ಮ ತೂಕ ಗಾಳಿಗೆ ಹೋಗುತ್ತೆ. ಅಡಿ ಲೆಕ್ಕ ಅಂದ್ರೆ ಟಿಂಬರ್‌ನವರು ಮಾಡೋದು ಕಾಲು ಸುತ್ತಳತೆ ಲೆಕ್ಕ: ನಡುಮಧ್ಯದ ಸುತ್ತಳತೆ ಇಂಚಲ್ಲಿ ತಗೊಂಡು ನಾಲ್ಕರಿಂದ ಭಾಗಿಸಿ, ಬಂದಿದ್ದನ್ನ ಅದ್ರಿಂದಲೇ ಗುಣಿಸಿ, ಉದ್ದ ಅಡಿಯಲ್ಲಿ ಗುಣಿಸಿ, 144ರಿಂದ ಭಾಗಿಸೋದು. 48 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ. ಆದ್ರೆ ಅದೇ ದಿಮ್ಮಿಯಲ್ಲಿ ನಿಜವಾಗಿ ಇರೋ ಮರ 12.7 ಘನ ಅಡಿ. ಕೊಯ್ಯುವಾಗ ವೇಸ್ಟ್ ಹೋಗುತ್ತೆ ಅಂತ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಮೊದ್ಲೇ ಮುರ್ಕೊಂಡಿರೋ ಲೆಕ್ಕ ಇದು, ಮೋಸ ಅಲ್ಲ ರೂಢಿ. ಅದಾದ್ಮೇಲೂ ತೊಗಟೆಗೆ ಅಂತ ಸುತ್ತಳತೆಯಲ್ಲಿ ಇಂಚು ಹೊಡೆಯೋಕೆ ಬಂದ್ರೆ ಮಾತ್ರ ಬಾಯಿ ಬಿಡಿ. ಟೇಪ್ ಹಿಡಿಯೋವಾಗ ನೀವೇ ಪಕ್ಕದಲ್ಲಿ ನಿಂತಿರಿ.

ಸಾಮಿಲ್‌ನಲ್ಲಿ ರೀಪರ್, ಪಕಾಸಿ ಕೊಯ್ಸಿದ್ರೆ ಹೊರಗಿನ ತೊಗಟೆ ಹಲಗೆನ ವಾಪಸ್ ತನ್ನಿ, ಒಣಗೋಕೆ ಅದಕ್ಕಿಂತ ಸುಲಭದ್ದು ಇಲ್ಲ. ಮರದ ಹೊಟ್ಟನ್ನೂ ಚೀಲದಲ್ಲಿ ತಂದ್ರೆ ಹಳೇ ಎಣ್ಣೆ ಡಬ್ಬಕ್ಕೆ ಕೆಳಗೊಂದು ತೂತು ಮಾಡಿ, ಮಧ್ಯೆ ಪೈಪ್ ನಿಲ್ಸಿ ಸುತ್ತ ಹೊಟ್ಟು ಬಿಗಿಯಾಗಿ ತುಂಬಿ, ಪೈಪ್ ಎಳೆದು ಕೆಳಗಿಂದ ಹಚ್ಚಿದ್ರೆ ಹಂಡೆ ನೀರು ತಾನಾಗೇ ಕಾಯುತ್ತೆ.

ಸೀಳೋದು

ಇಲ್ಲಿ ಸೋಮಾರಿತನ ಬೇಡ. ದುಂಡಗೆ ಬಿಟ್ರೆ ತೊಗಟೆ ನೀರನ್ನ ಹೊರಗೆ ಬಿಡಲ್ಲ, ವರ್ಷ ಕಳೆದ್ರೂ ಒಳಗೆ ಹಸಿನೇ, ಮೇಲಿಂದ ಅಣಬೆ. ಮೊದ್ಲು ಒಂದೇ ಅಳತೆಗೆ ತುಂಡು ಮಾಡಿ, ಅಡಿಗೆ ಒಲೆಗೆ 15 ಇಂಚು, ಹಂಡೆ ಒಲೆಗೆ ಎರಡಡಿ, ಆಮೇಲೆ ಕೈಯಲ್ಲಿ ಹಿಡಿಯೋವಷ್ಟು, ಮೂರು ನಾಲ್ಕು ಇಂಚು ದಪ್ಪಕ್ಕೆ ಸೀಳಿ. ತುಂಡು ಗಿಡ್ಡ ಆದಷ್ಟೂ ಬೇಗ ಒಣಗುತ್ತೆ, ನೀರು ಹೆಚ್ಚಾಗಿ ಹೋಗೋದು ಕೊಯ್ದ ಮುಖದಿಂದ.

ಕಡಿಯೋ ಕೊಡಲಿ ಬೇರೆ ಸೀಳೋ ಕೊಡಲಿ ಬೇರೆ. ಕಡಿಯೋದು ತೆಳು, ಹರಿತ, ಸೀಳೋಕೆ ಬಳಸಿದ್ರೆ ಒಳಗೆ ಕೂತುಬಿಡುತ್ತೆ. ಸೀಳೋದಕ್ಕೆ ಬೆನ್ನು ದಪ್ಪ ಇರೋ, ಎರಡೂವರೆ ಮೂರು ಕೆಜಿ ತೂಕದ್ದು ಬೇಕು, ಹರಿತ ಅಷ್ಟೇನೂ ಬೇಡ. ಮೊಣಕಾಲಿಗಿಂತ ತಗ್ಗಿರೋ ದಪ್ಪ ಕೊರಡಿನ ಮೇಲೆ ಹಳೇ ಸ್ಕೂಟರ್ ಟೈರ್ ಇಟ್ಟು ಅದರೊಳಗೆ ತುಂಡು ನಿಲ್ಸಿ, ಸೀಳಿದ ಚೂರು ಆಚೀಚೆ ಹಾರಲ್ಲ, ಪ್ರತೀ ಸಲ ಬಗ್ಗಿ ಎತ್ತೋ ಕೆಲಸನೂ ಇಲ್ಲ. ಹೊಡೆಯೋ ಮುಂಚೆ ತುಂಡಿನ ಮುಖ ನೋಡಿ. ಸಿಲ್ವರಲ್ಲಿ ನಡುವಿನಿಂದ ಹೊರಕ್ಕೆ ಹೊಳೆಯೋ ಗೆರೆಗಳು ಕಾಣುತ್ತೆ, ಎರಡು ದಿನ ಬಿಸಿಲು ಕಂಡಿದ್ರೆ ಆ ಗೆರೆಗುಂಟ ಕೂದಲೆಳೆ ಬಿರುಕೂ ಬಿಟ್ಟಿರುತ್ತೆ, ಮರ ಎಲ್ಲಿ ಬಿಡೋಕೆ ರೆಡಿ ಇದೆ ಅಂತ ಅದೇ ತೋರಿಸ್ತಿರುತ್ತೆ. ಅಂಚಿನ ಹತ್ರ, ಆ ಬಿರುಕಿನ ಮೇಲೆ ಕೊಡಲಿ ಬೀಳ್ಲಿ, ನಟ್ಟನಡುವೆ ಬೇಡ. ಗಿಣ್ಣು ಇದ್ರೆ ಗಿಣ್ಣನ್ನ ಕೆಳಗೆ ಮಾಡಿ ಮೇಲಿನ ಸಾಫ್ ತುದಿಗೆ ಹೊಡೀರಿ. ಕವಲು ಇರೋ ತುಂಡನ್ನ ಎರಡು ಕವಲಿನ ನಡು ಹಾಯೋ ಹಂಗೆ ಸೀಳಿ, ಒಂದು ಕವಲಿನ ಮೇಲೆ ಅಡ್ಡಕ್ಕೆ ಹೊಡೆದ್ರೆ ಸಂಜೆವರೆಗೂ ಅದೇ. ಎರಡು ಮೂರು ಏಟಿಗೆ ಬಿಡದಿದ್ರೆ ಕಬ್ಬಿಣದ ಬೆಣೆ ಇಟ್ಟು ಹ್ಯಾಮರಲ್ಲಿ ಹೊಡೀರಿ, ಅದಕ್ಕೂ ಬಗ್ಗದಿದ್ರೆ ಆ ಕಡೆ ಎಸೀರಿ, ಹೋಂಸ್ಟೇ ಇಟ್ಕೊಂಡಿರೋರು ಕ್ಯಾಂಪ್‌ಫೈರ್‌ಗೆ ಅಂತ ಅಂಥಾದ್ದನ್ನೇ ಕೇಳ್ಕೊಂಡು ಬರ್ತಾರೆ.

ಟನ್‌ಗಟ್ಲೆ ಇದ್ರೆ ಮೆಷಿನ್ ನೋಡಿ. ಹೈಡ್ರಾಲಿಕ್ ಸ್ಪ್ಲಿಟರ್ ನಿಧಾನ, ದುಬಾರಿ, ಆದ್ರೆ ಕೈ ಬಿಟ್ರೆ ನಿಲ್ಲುತ್ತೆ. ಟ್ರಾಕ್ಟರ್ ಪಿಟಿಒಗೆ (ಹಿಂದಿನ ತಿರುಗೋ ಶಾಫ್ಟ್‌ಗೆ) ಹಾಕೋ ತಿರುಗೋ ಕೋನ್ ಇದೆಯಲ್ಲ, ಸ್ಕ್ರೂ ತರದ್ದು, ಅದು ಕಮ್ಮಿ ದುಡ್ಡಿಗೆ ಬಹಳ ಕೆಲಸ ಮಾಡುತ್ತೆ, ಆದ್ರೆ ಗ್ಲೌಸ್ ತುದಿ, ತೋಳು, ಟವೆಲ್ ಏನು ಸಿಕ್ಕಿದ್ರೂ ಸುತ್ಕೊಂಡು ಒಳಗೆ ಎಳ್ಕೊಳ್ಳುತ್ತೆ. ನನ್ನ ತೋಟಕ್ಕೆ ಅದು ಬರಲ್ಲ. ಹತ್ತು ಮನೆಯವರು ಸೇರಿ ಹೈಡ್ರಾಲಿಕ್ ಒಂದು ತಗೊಳ್ಳೋದು ವಾಸಿ.

ಒಟ್ಟೋದು, ಒಣಗಿಸೋದು

ರೋಬಸ್ಟಾ ಒಣಗಿಸಿ ಮುಗಿದ ಮೇಲೆ ಕಣ ಖಾಲಿ ಬಿದ್ದಿರುತ್ತೆ. ಮಾರ್ಚ್ ಏಪ್ರಿಲ್ ಬಿಸಿಲಿಗೆ ಸಿಮೆಂಟ್ ಕಣದಷ್ಟು ಒಳ್ಳೇ ಜಾಗ ಸೌದೆಗೆ ಇನ್ನೊಂದಿಲ್ಲ, ಸೀಳಿದ್ದನ್ನ ಅಲ್ಲೇ ಹರಡಿ, ಹೂಮಳೆ ಬಂದ್ರೆ ಟಾರ್ಪಲ್ ಎಳೀರಿ. ಮೇ ಕೊನೆಯೊಳಗೆ ಎಲ್ಲಾ ಕೊಟ್ಟಿಗೆಗೆ.

ಕೊಟ್ಟಿಗೆ ಅಂದ್ರೆ ನಾಲ್ಕು ಕಂಬ, ಮೇಲೆ ಶೀಟು, ಅಷ್ಟೇ ಸಾಕು, ಆದ್ರೆ ಮಳೆ ನಮ್ಮಲ್ಲಿ ನೆಟ್ಟಗೆ ಬೀಳಲ್ಲ, ಪಶ್ಚಿಮದಿಂದ, ನೈಋತ್ಯದಿಂದ ಅಡ್ಡ ಹೊಡೆಯುತ್ತೆ. ಆ ಎರಡು ಬದಿ ಅಡಿಕೆ ದಬ್ಬೆನೋ ಶೀಟೋ ಹೊಡೆದು ಮುಚ್ಚಿ, ಉಳಿದ ಎರಡು ಬದಿ ಬಿಟ್ಟುಬಿಡಿ, ಗಾಳಿ ಆಡ್ಬೇಕು. ಸೂರು ಮೂರಡಿ ಮುಂದೆ ಚಾಚಿರ್ಲಿ. ಕೆಳಗೆ ಸೈಜುಗಲ್ಲು ಇಟ್ಟು ಮೇಲೆ ಹಳೇ ಪೈಪು ಅಥವಾ ಅಡಿಕೆ ಮರ ಹಾಕಿ ನೆಲದಿಂದ ಒಂದಡಿ ಎತ್ತರಕ್ಕೆ ಒಟ್ಟಿ, ಗೆದ್ದಲೂ ಬರಲ್ಲ, ಹಾವು ಸೇರ್ಕೊಂಡ್ರೂ ಬಗ್ಗಿ ನೋಡಿದ್ರೆ ಕಾಣುತ್ತೆ. ಗೋಡೆಗೆ ತಾಗಿಸಿ ಒಟ್ಟಬೇಡಿ. ಕತ್ತಲಲ್ಲಿ ಸೌದೆ ತೆಗೆಯೋಕೆ ಕೈ ಹಾಕೋ ಮುಂಚೆ ಟಾರ್ಚ್ ಬಿಡೋದು, ಕೋಲಲ್ಲಿ ತಟ್ಟೋದು ಮಕ್ಕಳಿಗೂ ಅಭ್ಯಾಸ ಮಾಡ್ಸಿ. ನೀಲಿ ಟಾರ್ಪಲ್‌ನ ನಾಲ್ಕೂ ಕಡೆ ನೆಲದವರೆಗೆ ಸುತ್ತಿ ಕಟ್ಟೋರು ತುಂಬಾ ಜನ, ಒಳಗಿನ ತೇವ ಒಳಗೇ ಉಳಿದು ಬೂಷ್ಟು ಬರುತ್ತೆ, ಮೇಲ್ಗಡೆ ಮಾತ್ರ ಹೊದಿಸಿ.

ಒಂದು ಅಪಾಯ ಕಾಫಿಯವರಿಗೆ ಮಾತ್ರ ಇರೋದು. ಬಿಳಿ ಕಾಂಡಕೊರಕ ಹೊಡೆದ ಅರೇಬಿಕಾ ಗಿಡನ ಕಿತ್ತು ಸೌದೆ ಅಂತ ಕೊಟ್ಟಿಗೆಗೆ ತಂದು ಒಟ್ಟಿದ್ರೆ ಹುಳ ಒಳಗೇ ಬೆಳೆದು ದುಂಬಿ ಆಗಿ ಏಪ್ರಿಲ್-ಮೇ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್ ಹೊತ್ತಿಗೆ ಹೊರಬಂದು ವಾಪಸ್ ನಿಮ್ಮ ತೋಟಕ್ಕೇ ಹಾರುತ್ತೆ. ಕಾಫಿ ಬೋರ್ಡ್‌ನವರು ಹೇಳೋದು ಕಿತ್ತ ತಕ್ಷಣ ಸುಡಿ ಅಂತ, ಸೌದೆಗೆ ಬೇಕೇ ಬೇಕು ಅಂದ್ರೆ 7ರಿಂದ 10 ದಿನ ನೀರಲ್ಲಿ ಪೂರ್ತಿ ಮುಳುಗಿಸಿಟ್ಟು ಆಮೇಲೆ ಒಣಗಿಸಿ. ಕೆರೆ ಇದ್ರೆ ಕಲ್ಲು ಕಟ್ಟಿ ಹಾಕಿ. ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಶುರುವಾಗಿದ್ದು 1925ರಲ್ಲಿ, ಈ ಹುಳ ಇನ್ನೂ ಬಗ್ಗಿಲ್ಲ, ಹಂಗಾಗಿ ಇದನ್ನ ಹಗುರವಾಗಿ ತಗೋಬೇಡಿ.

ಒಣಗಿದ್ಯಾ ಇಲ್ವಾ ಅಂತ ನೋಡೋಕೆ ಎರಡು ತುಂಡನ್ನ ಒಂದಕ್ಕೊಂದು ಬಡೀರಿ, ಒಣಗಿದ್ರೆ ಟಣ್ ಅನ್ನುತ್ತೆ, ಹಸಿ ಇದ್ರೆ ದಪ್ ಅನ್ನುತ್ತೆ. ತೊಗಟೆ ಉಗುರಿಗೆ ಬಿಟ್ಕೊಳ್ಬೇಕು, ತುದಿಯಲ್ಲಿ ಬಿರುಕಿರ್ಬೇಕು. ಇನ್ನೂ ಗಟ್ಟಿ ದಾರಿ ಅಂದ್ರೆ ಸಾಲಿನ ಮಧ್ಯದ ಮೂರ್ನಾಲ್ಕು ತುಂಡಿಗೆ ಬಣ್ಣ ಹಚ್ಚಿ ತೂಕ ಬರೆದಿಟ್ಟು, ವಾರ ವಾರ ತೂಗೋದು. ತೂಕ ಇಳಿಯೋದು ನಿಂತಾಗ ಆಯ್ತು. ಮೀಟರ್ ತಗೊಂಡ್ರೆ ಹೊರಗೆ ಚುಚ್ಚಬೇಡಿ, ತುಂಡನ್ನ ಸೀಳಿ ಒಳಮುಖಕ್ಕೆ ಚುಚ್ಚಿ. ಮೀಟರ್ ತೋರ್ಸೋದು ಒಣ ಮರದ ಲೆಕ್ಕದ ಶೇಕಡಾ, ಅದರಲ್ಲಿ 25 ಬಂದ್ರೆ ನಾನು ಮೇಲೆ ಹೇಳಿದ, ನೀರೂ ಸೇರಿದ ಒಟ್ಟು ತೂಕದ ಲೆಕ್ಕದಲ್ಲಿ 20.

ಜುಲೈನಲ್ಲಿ ಗಾಳಿಯ ತೇವಾಂಶ 90 ದಾಟಿದಾಗ ಎಷ್ಟೇ ಒಣಗಿದ ಮರನೂ ತಿರುಗಿ 20ರ ಹತ್ರ ತೇವ ಎಳ್ಕೊಳ್ಳುತ್ತೆ. ಹಳಬರು ಒಲೆ ಮೇಲೆ ಅಟ್ಟ ಕಟ್ಟಿ ಸೌದೆ ಇಡ್ತಿದ್ದಿದ್ದು ಸುಮ್ನೆ ಅಲ್ಲ. ಈಗ ಅಟ್ಟ ಇಲ್ಲದ ಮನೆಯಲ್ಲಿ ಒಂದು ವಾರದ್ದನ್ನ ತಂದು ಒಲೆಯಿಂದ ನಾಲ್ಕಡಿ ದೂರದಲ್ಲಿ ಒಟ್ಕೊಂಡ್ರೆ ಸಾಕು. ಒಲೆ ಬಾಯಿಗೇ ತಾಗಿಸಿ ಇಟ್ರೆ ಕಿಡಿ ಹಾರುತ್ತೆ, ನೋಡ್ಕೊಳ್ಳಿ.

ಉರಿಸೋದು

ಪುಳ್ಳೆ ಕೆಳಗೆ, ಮಧ್ಯಮ ಮೇಲೆ, ದಪ್ಪದ್ದು ಉರಿ ಹತ್ತಿದ ಮೇಲೆ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಮಾಡೋ ತಪ್ಪು ಅಂದ್ರೆ ಒಲೆ ಬಾಯಿ ತುಂಬಾ ಸೌದೆ ತುರುಕೋದು. ಕೆಳಗಿಂದ ಗಾಳಿ ಬರೋಕೆ ಜಾಗ ಬೇಕು, ಹಳೇ ಕಬ್ಬಿಣದ ಸರಳಿನ ಜಾಲರಿ ಇಟ್ಟು ಮೂರು ಇಂಚು ಎತ್ತರಿಸಿ ನೋಡಿ, ಹಂಡೆ ಎಷ್ಟು ಬೇಗ ಕಾಯುತ್ತೆ ಅಂತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನೋ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು ಮಾಡಿದ ಅಸ್ತ್ರ ಒಲೆ ನಮ್ಮ ಎಷ್ಟೋ ಮನೆಯಲ್ಲಿ ಇವತ್ತಿಗೂ ಇದೆ, ಅದರ ಗುಟ್ಟೂ ಇಷ್ಟೇ, ಜಾಲರಿ, ಮುಚ್ಚಿದ ಬೆಂಕಿ, ಚಿಮಣಿ, ಒಂದೇ ಉರಿಗೆ ಮೂರು ಪಾತ್ರೆ. ಪಾತ್ರೆ ಮತ್ತೆ ಒಲೆ ತೂತಿನ ಮಧ್ಯೆ ಸಂದು ಬಿಟ್ಟು ಉಪಯೋಗಿಸಿದ್ರೆ ಮಾತ್ರ ಅದೂ ಮಾಮೂಲಿ ಒಲೆನೇ.

ಬಣ್ಣ ಹೊಡೆದ ಮರ, ಪ್ಲೈವುಡ್ ಚೂರು, ಲ್ಯಾಮಿನೇಟ್ ಇವನ್ನ ಒಲೆಗೂ ಹಾಕ್ಬೇಡಿ ಕ್ಯಾಂಪ್‌ಫೈರ್‌ಗೂ ಬೇಡ, ಅಂಟಿನ ಹೊಗೆ ಅದು. ಡಿಸೆಂಬರ್ ಚಳಿಗೆ ಬಾಂಡ್ಲಿಯಲ್ಲಿ ಕೆಂಡ ತಂದು ರೂಮಲ್ಲಿಟ್ಟು ಬಾಗಿಲು ಹಾಕ್ಕೊಂಡು ಮಲಗೋದಂತೂ ಬೇಡವೇ ಬೇಡ, ಹೊಗೆ ಕಾಣ್ದಿದ್ರೂ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಮುಗಿಸಿಬಿಡುತ್ತೆ.

ಚಿಮಣಿ ಒಳಗೆ ಕರಿ ಜಿಡ್ಡು ಕಟ್ಟೋದು ಹಸಿ ಸೌದೆ ಉರಿಸಿದ್ದಕ್ಕೆ ಸಾಕ್ಷಿ. ಜೂನ್‌ಗೆ ಮುಂಚೆ ಒಂದ್ಸಲ, ಮಳೆಗಾಲದ ಮಧ್ಯೆ ಒಂದ್ಸಲ ಬಿದಿರು ಗಳಕ್ಕೆ ಗೋಣಿಚೀಲ ಸುತ್ತಿ ಮೇಲಿಂದ ಕೆಳಗೆ ಎಳೀರಿ, ಇಲ್ಲಾಂದ್ರೆ ಒಂದಿನ ಆ ಜಿಡ್ಡಿಗೇ ಬೆಂಕಿ ಹತ್ಕೊಳ್ಳುತ್ತೆ.

ಬೂದಿನ ಎಸೀಬೇಡಿ, ಅದ್ರಲ್ಲಿ ಪೊಟ್ಯಾಷ್, ಸುಣ್ಣದ ಅಂಶ ಇದೆ, ನಮ್ಮ ಹುಳಿ ಮಣ್ಣಿಗೆ ಒಳ್ಳೇದು. ಪೂರ್ತಿ ಆರಿದ ಮೇಲೆ ಮುಚ್ಚಳ ಇರೋ ತಗಡಿನ ಡಬ್ಬದಲ್ಲಿ ಒಣಗಿರೋ ಹಂಗೆ ಶೇಖರಿಸಿ, ಮಳೆಯಲ್ಲಿ ನೆಂದ್ರೆ ಪೊಟ್ಯಾಷ್ ತೊಳೆದು ಹೋಗುತ್ತೆ. ಕಾಫಿಗೆ, ಬಾಳೆ ಬುಡಕ್ಕೆ ತೆಳ್ಳಗೆ ಎರಚಿ. ಯೂರಿಯಾ ಜೊತೆ ಮಾತ್ರ ಕಲಸಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ, ಎರಡಕ್ಕೂ ಮಧ್ಯೆ ಮೂರ್ನಾಲ್ಕು ವಾರ ಬಿಟ್ಟು ಹಾಕಿ.